ಅಪ್ಪನಿಗೆ ಕೊಡುವ ಬಾಡಿಗೆ ನಿಜದ್ದಾಗಿರಲಿ
ಕುಕನೂರಿನಂಥ ಊರಲ್ಲಿ ಹಿರಿಯರ ಮನೆಯಲ್ಲೇ ಇದ್ದು ನೌಕರಿಗೆ ಹೋಗುವವರು ಮಾರ್ಚ್ ಹತ್ತಿರವಾದಂತೆ ಕೇಳುವ ಪ್ರಶ್ನೆ ಇದು: ಅಪ್ಪನಿಗೆ ಬಾಡಿಗೆ ಕೊಟ್ಟರೆ ಮನೆ ಬಾಡಿಗೆ ಭತ್ಯೆಗೆ ತೆರಿಗೆ ವಿನಾಯಿತಿ ಸಿಗುತ್ತದೆಯೇ? ಸಿಗುತ್ತದೆ. ಮನೆಯೊಡೆಯರು ತಂದೆ-ತಾಯಿ ಆಗಬಾರದೆಂದು ಆದಾಯ ತೆರಿಗೆ ಕಾನೂನು ಹೇಳಿಲ್ಲ. ಆದರೆ ನೀವು ಹಳೆಯ ತೆರಿಗೆ ಪದ್ಧತಿಯಲ್ಲಿರಬೇಕು, ಮನೆ ನಿಮ್ಮ ಹೆಸರಿನಲ್ಲಿರಬಾರದು, ಬಾಡಿಗೆ ನಿಜವಾಗಿ ಸಂದಾಯವಾಗಿರಬೇಕು. ತಾಯಿಗೆ ಬಾಡಿಗೆ ಕೊಟ್ಟೆನೆಂದ ಮಹಿಳೆಯೊಬ್ಬರ ಕೋರಿಕೆಯನ್ನು ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ತಳ್ಳಿಹಾಕಿದ್ದು ನಂಟಿನ ಕಾರಣಕ್ಕಲ್ಲ, ನಂಬುವಂಥ ಪುರಾವೆ ಇಲ್ಲದ್ದಕ್ಕೆ. ಆದ್ದರಿಂದ ಕರಾರುಪತ್ರ ಮಾಡಿಕೊಳ್ಳಿ, ತಿಂಗಳು ತಿಂಗಳು ಬ್ಯಾಂಕ್ ಮೂಲಕವೇ ಕೊಡಿ. ವರ್ಷದ ಬಾಡಿಗೆ 1 ಲಕ್ಷ ರೂಪಾಯಿ ದಾಟಿದರೆ ಅಪ್ಪನ ಪ್ಯಾನ್ ಸಂಖ್ಯೆಯೂ ಬೇಕು. ಆ ಹಣ ಅವರ ಆದಾಯವಾಗುತ್ತದೆ. ಮನೆಗಂದಾಯ ಕಳೆದ ಮೇಲೆ ಉಳಿದದ್ದರಲ್ಲಿ ಶೇ 30ರಷ್ಟು ಕಡಿತ ಅವರಿಗುಂಟು. ಇನ್ನೊಂದು ಲೆಕ್ಕ ನೆನಪಿರಲಿ: ವಿನಾಯಿತಿಗೆ ಬರುವುದು ವೇತನದ ಶೇ 10ನ್ನು ಮೀರಿದ ಬಾಡಿಗೆ ಮಾತ್ರ. 40,000 ರೂಪಾಯಿ ವೇತನದವರು 3,000 ಬಾಡಿಗೆ ಕೊಟ್ಟರೆ ವಿನಾಯಿತಿ ಸೊನ್ನೆ. ಸಣ್ಣ ಊರುಗಳಲ್ಲಿ ಬಾಡಿಗೆಯನ್ನು ಹಿಗ್ಗಿಸಿ ಬರೆಯುವ ಆಸೆ ಹುಟ್ಟುವುದೇ ಇಲ್ಲಿ. ದಯವಿಟ್ಟು ಬೇಡ. ಸುಳ್ಳು ರಸೀದಿಯಿಂದ ವಯಸ್ಸಾದ ಅಪ್ಪ ನೋಟಿಸಿಗೆ ಉತ್ತರ ಕೊಡಬೇಕಾದೀತು. ನಿಜವಾದ ಬಾಡಿಗೆಯಿಂದ ಅವರ ಖಾತೆಗೆ ತಿಂಗಳಿಗಿಷ್ಟು ದುಡ್ಡು ಬರುತ್ತದೆ.