ಹಾಡಿದ್ದೇ ಹಾಡಲಿಲ್ಲ ಪೋರ್ಟಿಸ್‌ಹೆಡ್

‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬ ಗಾದೆ ಯಾರಿಗೆ ಗೊತ್ತಿಲ್ಲ? ಇಂಗ್ಲೆಂಡಿನ ಪೋರ್ಟಿಸ್‌ಹೆಡ್ ತಂಡದ ಎರಡನೇ ಆಲ್ಬಂ ಬಗ್ಗೆ 1997ರಿಂದಲೂ ಕೇಳಿಬರುವ ದೂರು ಹೆಚ್ಚುಕಡಿಮೆ ಇದೇ. ಮೊದಲ ಆಲ್ಬಂನಲ್ಲಿ ಹಾಡಿದ್ದನ್ನೇ ಮತ್ತೆ ಹಾಡಿದರು, ಕತ್ತಲೆ ಸ್ವಲ್ಪ ಜಾಸ್ತಿ ಮಾಡಿದರು, ಅಷ್ಟೇ ಅಂತ.

ನಾವು ಒಪ್ಪುವುದಿಲ್ಲ. ಆ ಮಾತು ಕೇಳದೇ ಆಡುವ ಮಾತು. ಕೇಳಿದವರೂ ಅರ್ಧ ಕಿವಿಯಲ್ಲಿ ಕೇಳಿ ಆಡಿದ ಮಾತು.

ಬ್ರಿಸ್ಟಲ್ ಊರಿನ ಹಾಡಿನ ಜಗಳ ನಮಗ್ಯಾಕೆ ಅಂತ ಕೆಲವರು ಕೇಳಬಹುದು. ನಾವು ಜಿಲ್ಲೆಯಿಂದ ಸುದ್ದಿ ಕಳಿಸುವವರು. ಮೊದಲ ದಿನದ ಸುದ್ದಿಗೆ ಮುಖಪುಟ ಸಿಗುತ್ತದೆ. ಮೂರು ತಿಂಗಳು ಅಲೆದು, ಕಾಗದಪತ್ರ ತೆಗೆಸಿ ಬರೆದ ಫಾಲೋಅಪ್‌ಗೆ ‘ಇದರಲ್ಲಿ ಹೊಸದೇನಿದೆ?’ ಎಂಬ ಪ್ರಶ್ನೆ ಬರುತ್ತದೆ, ಒಳಪುಟದ ಮೂಲೆ ಸಿಗುತ್ತದೆ. ಮೊದಲನೆಯದು ಸದ್ದು ಮಾಡಿತು ಅನ್ನುವ ಒಂದೇ ಕಾರಣಕ್ಕೆ ಎರಡನೆಯದನ್ನು ಕಡೆಗಣಿಸುವ ಚಾಳಿ ಎಲ್ಲ ಕಸುಬಿನಲ್ಲೂ ಇದೆ. ಅದು ಎಷ್ಟು ದೊಡ್ಡ ಅನ್ಯಾಯ ಅಂತ ತೋರಿಸಲು ಈ ಆಲ್ಬಂಗಿಂತ ಒಳ್ಳೆಯ ಉದಾಹರಣೆ ನಮಗೆ ಗೊತ್ತಿಲ್ಲ.

ಮೊದಲು ಹಿನ್ನೆಲೆ. ಬ್ರಿಸ್ಟಲ್ ಇಂಗ್ಲೆಂಡಿನ ನೈರುತ್ಯದ ಹಳೇ ಬಂದರು ಊರು. ಗುಲಾಮರ ವ್ಯಾಪಾರದಿಂದ ದುಡ್ಡು ಕಂಡ ಊರು. ಎರಡನೇ ಮಹಾಯುದ್ಧದ ನಂತರ ಕೆರಿಬಿಯನ್ ದ್ವೀಪಗಳಿಂದ ದುಡಿಯಲು ಬಂದವರು ಅಲ್ಲಿನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನೆಲೆಸಿದರು. ಆಳೆತ್ತರದ ಸ್ಪೀಕರ್ ಜೋಡಿಸಿ ರೆಗೆ ಹಾಡು ಹಾಕುವ ಸೌಂಡ್ ಸಿಸ್ಟಂ ಪದ್ಧತಿ ಅವರ ಜೊತೆ ಬಂತು. 80ರ ದಶಕದಲ್ಲಿ ಕಪ್ಪು, ಬಿಳಿ ಎರಡೂ ಕಡೆಯ ಹುಡುಗರು ಸೇರಿ ಅಮೆರಿಕದ ಹಿಪ್‌ಹಾಪ್ ತಾಳವನ್ನು ನಿಧಾನ ಮಾಡಿದರು. ಅದಕ್ಕೆ ರೆಗೆಯ ಬೇಸ್, ಜಾಝ್, ಹಳೇ ಸಿನಿಮಾ ಸಂಗೀತ ಬೆರೆಸಿದರು. 1991ರಲ್ಲಿ ಮ್ಯಾಸಿವ್ ಅಟ್ಯಾಕ್ ತಂಡದ ‘ಬ್ಲೂ ಲೈನ್ಸ್’ ಬಂತು. 1994ರಲ್ಲಿ ಮಿಕ್ಸ್‌ಮ್ಯಾಗ್ ಪತ್ರಿಕೆ ಇಂಥ ಸಂಗೀತಕ್ಕೆ ‘ಟ್ರಿಪ್‌ಹಾಪ್’ ಎಂಬ ಪದ ಬಳಸಿತು. ಬ್ರಿಸ್ಟಲ್‌ನವರಿಗೆ ಆ ಹೆಸರು ಹಿಡಿಸಲಿಲ್ಲ. ಆದರೂ ಅಂಟಿಕೊಂಡಿತು.

‘ಬ್ಲೂ ಲೈನ್ಸ್’ ತಯಾರಾಗುತ್ತಿದ್ದ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪು ನೋಡಿಕೊಳ್ಳುವ ಕೆಲಸಕ್ಕಿದ್ದ ಹುಡುಗ ಜೆಫ್ ಬ್ಯಾರೋ. ಬ್ರಿಸ್ಟಲ್ ಪಕ್ಕದ ಪೋರ್ಟಿಸ್‌ಹೆಡ್ ಎಂಬ ಸಣ್ಣ ಊರಲ್ಲಿ ಬೆಳೆದವನು. ನಿರುದ್ಯೋಗಿಗಳು ಸ್ವಂತ ಕಸುಬು ಶುರು ಮಾಡಲಿ ಅಂತ ಅಲ್ಲಿನ ಸರ್ಕಾರ ನಡೆಸುತ್ತಿದ್ದ ಎಂಟರ್‌ಪ್ರೈಸ್ ಅಲೋಯನ್ಸ್ ಯೋಜನೆಯ ತರಬೇತಿಯಲ್ಲಿ, 1991ರಲ್ಲಿ, ಅವನಿಗೆ ಬೆತ್ ಗಿಬ್ಬನ್ಸ್ ಸಿಕ್ಕರು. ಎಕ್ಸೆಟರ್ ಕಡೆ ಹೊಲಮನೆಯಲ್ಲಿ ಬೆಳೆದ ಹೆಣ್ಣುಮಗಳು, ಹಾಡುಗಾರ್ತಿ. ಜಾಝ್ ಗಿಟಾರ್ ನುಡಿಸುತ್ತಿದ್ದ, ವಯಸ್ಸಿನಲ್ಲಿ ಹಿರಿಯರಾದ ಏಡ್ರಿಯನ್ ಅಟ್ಲಿ ಮೂರನೆಯವರು. ಧ್ವನಿಮುದ್ರಣ ನೋಡಿಕೊಂಡ ಡೇವ್ ಮೆಕ್‌ಡೊನಾಲ್ಡ್ ಅವರನ್ನು ನಾಲ್ಕನೆಯವರು ಅಂತಲೇ ಎಣಿಸಬೇಕು.

1994ರ ಆಗಸ್ಟ್‌ನಲ್ಲಿ ಬಂದ ಇವರ ಮೊದಲ ಆಲ್ಬಂ ‘ಡಮ್ಮಿ’. ಮರುವರ್ಷ ಅದಕ್ಕೆ ಮರ್ಕ್ಯುರಿ ಪ್ರಶಸ್ತಿ ಬಂತು. ಆ ವರ್ಷ ಕಣದಲ್ಲಿ ಓಯಸಿಸ್ ಇತ್ತು, ಪಿ.ಜೆ. ಹಾರ್ವೆ ಇದ್ದರು, ಬ್ರಿಸ್ಟಲ್‌ನವನೇ ಆದ ಟ್ರಿಕಿ ಕೂಡ ಇದ್ದ. ಅಂಥವರನ್ನು ದಾಟಿ ಗೆದ್ದ ಆಲ್ಬಂ ಅದು. ‘ಡಮ್ಮಿ’ ಒಳ್ಳೆಯ ಆಲ್ಬಂ ಎಂಬುದರಲ್ಲಿ ನಮಗೂ ತಕರಾರಿಲ್ಲ.

ತಕರಾರು ಇರುವುದು ಆಮೇಲೆ ಆದದ್ದರಲ್ಲಿ. ‘ಡಮ್ಮಿ’ಯ ದುಃಖ ಫ್ಯಾಶನ್ ಆಯಿತು. ನಿಧಾನದ ತಾಳ, ಗೀರುಬಿದ್ದ ರೆಕಾರ್ಡಿನ ಕಿರಕಿರ, ಅದರ ಮೇಲೊಂದು ನೊಂದ ಹೆಣ್ಣುದನಿ. ಈ ಮೂರು ಸೇರಿಸಿದರೆ ಹಾಡು ರೆಡಿ ಅಂತ ಎಷ್ಟೋ ತಂಡಗಳು ಹೊರಟವು. ಕಾಫಿ ಅಂಗಡಿಯಲ್ಲಿ, ಉಳ್ಳವರ ಮನೆಯ ಊಟದ ಹೊತ್ತಲ್ಲಿ ಹಿಂದೆ ಮೆಲ್ಲಗೆ ಹಾಕಿಡುವ ಸಂಗೀತ ಅಂತ ಟ್ರಿಪ್‌ಹಾಪ್‌ಗೆ ಹೆಸರು ಬಂತು. ಕೆಲಸವಿಲ್ಲದವರ ತರಬೇತಿಯಲ್ಲಿ ಭೇಟಿಯಾದ ಇಬ್ಬರ ಹಾಡು ಯಾರದೋ ಊಟದ ಮೇಜಿನ ಅಲಂಕಾರವಾಯಿತು.

ಈಗ ಹೇಳಿ. ಅಂಥ ಹೊತ್ತಲ್ಲಿ ಹಾಡಿದ್ದನ್ನೇ ಹಾಡುವವರು ಏನು ಮಾಡುತ್ತಿದ್ದರು? ‘ಡಮ್ಮಿ’ಯ ‘ಗ್ಲೋರಿ ಬಾಕ್ಸ್’ ಥರದ್ದು ಇನ್ನೊಂದು ಹತ್ತು ಮಾಡಿ 1995ರಲ್ಲೇ ಮಾರುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಮೂರು ವರ್ಷ ತೆಗೆದುಕೊಂಡರು. 1997ರ ಸೆಪ್ಟೆಂಬರ್ ಕೊನೆಗೆ ಎರಡನೆಯದು ಬಂತು. ಅದಕ್ಕೆ ಬೇರೆ ಹೆಸರೇ ಇಡಲಿಲ್ಲ, ‘ಪೋರ್ಟಿಸ್‌ಹೆಡ್’ ಅಂತ ತಂಡದ ಹೆಸರನ್ನೇ ಇಟ್ಟರು. ಮೊದಲ ಆಲ್ಬಂಗೆ ಇಡದ ತಮ್ಮ ಹೆಸರನ್ನು ಎರಡನೆಯದಕ್ಕೆ ಇಟ್ಟರೆ ಅದರರ್ಥ ಏನು? ‘ನಾವು ಅಂದ್ರೆ ಇದು’ ಎಂಬುದೇ ಅಲ್ಲವೇ? ನಾವಂತೂ ಹಾಗೇ ಓದುತ್ತೇವೆ.

ಮೂರು ವರ್ಷ ಏನು ಮಾಡಿದರು ಎಂಬುದರಲ್ಲೇ ನಮ್ಮ ವಾದದ ಜೀವ ಇದೆ. ಸ್ವಲ್ಪ ತಾಳ್ಮೆಯಿಂದ ಓದಿ.

ಹಿಪ್‌ಹಾಪ್‌ನಲ್ಲಿ ಸ್ಯಾಂಪಲ್ ಅಂದರೆ ಬೇರೆಯವರ ಹಳೇ ರೆಕಾರ್ಡಿನಿಂದ ಒಂದು ತುಣುಕು ಎತ್ತಿ, ಅದನ್ನು ಸುತ್ತಿ ಸುತ್ತಿ ಹಾಕಿ, ಮೇಲೆ ಹೊಸ ಹಾಡು ಕಟ್ಟುವುದು. ಅದು ಕಳ್ಳತನವಲ್ಲ, ಅದೇ ಒಂದು ಕಲೆ. ‘ಗ್ಲೋರಿ ಬಾಕ್ಸ್’ ನಿಂತಿರುವುದು ಅಮೆರಿಕದ ಐಸಾಕ್ ಹೇಯ್ಸ್ ಅವರ ಒಂದು ತುಣುಕಿನ ಮೇಲೆ. ‘ಸೌರ್ ಟೈಮ್ಸ್’ ನಿಂತಿರುವುದು ಲಾಲೊ ಶಿಫ್ರಿನ್ ಅವರ ಸಂಗೀತದ ಮೇಲೆ. ತಮಾಷೆ ಏನೆಂದರೆ, ಅದೇ ಐಸಾಕ್ ಹೇಯ್ಸ್ ತುಣುಕನ್ನು ಟ್ರಿಕಿ ಕೂಡ ತನ್ನ 1995ರ ಆಲ್ಬಂನ ಒಂದು ಹಾಡಿಗೆ ಬಳಸಿದ. ಒಂದೇ ಊರು, ಒಂದೇ ಬಾವಿ, ಇಬ್ಬರ ಕೊಡ.

ಎರಡನೇ ಆಲ್ಬಂನಲ್ಲಿ ಪೋರ್ಟಿಸ್‌ಹೆಡ್ ಆ ಬಾವಿಯನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತು. ತಮಗೆ ಬೇಕಾದ ‘ಹಳೇ ರೆಕಾರ್ಡ’ನ್ನು ತಾವೇ ತಯಾರಿಸಿದರು. ಡ್ರಮ್, ಗಿಟಾರ್, ಕಹಳೆ, ಪಿಟೀಲು ಎಲ್ಲವನ್ನೂ ಹೊಸದಾಗಿ ನುಡಿಸಿ ಮುದ್ರಿಸಿದರು. ಅದನ್ನು ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚು ಹಾಕಿಸಿದರು. ತಟ್ಟೆಯನ್ನು ಸವೆಸಿ, ಗೀರಿ ಹಳತು ಮಾಡಿದರು. ಆಮೇಲೆ ಅದರಿಂದ ತುಣುಕು ಎತ್ತಿ ಹಾಡು ಕಟ್ಟಿದರು. ‘ಡಮ್ಮಿ’ಯಲ್ಲೂ ಈ ಪದ್ಧತಿ ಅಲ್ಲಲ್ಲಿ ಇತ್ತು. ಎರಡನೆಯದರಲ್ಲಿ ಅದೇ ಮುಖ್ಯವಾಯಿತು. ‘ಓನ್ಲಿ ಯು’ ಹಾಡಿನಲ್ಲಿ ಫಾರ್‌ಸೈಡ್ ತಂಡದ ದನಿ, ಕೆನ್ ಥಾರ್ನ್ ಅವರ ಸಿನಿಮಾ ಸಂಗೀತ ಬರುವುದನ್ನು ಬಿಟ್ಟರೆ ಹೊರಗಿನದು ಬಹಳ ಕಮ್ಮಿ.

ಗೆಲ್ಲಿಸಿದ ಉಪಾಯವನ್ನೇ ಕೈಬಿಟ್ಟವರನ್ನು ಕಿಸಬಾಯಿ ದಾಸ ಅನ್ನುವುದು ಹೇಗೆ? ಅಂಗಡಿಯಲ್ಲಿ ಬಟ್ಟೆ ತಂದು ಹೊಲಿಯುತ್ತಿದ್ದವನು ಹತ್ತಿ ಬೆಳೆದು, ನೂಲು ತೆಗೆದು, ತಾನೇ ನೇಯ್ದು ಅಂಗಿ ಹೊಲಿದಿದ್ದಾನೆ. ಅಂಗಿಯ ಬಣ್ಣ ಮೊದಲಿನದೇ ಇರಬಹುದು. ಬಣ್ಣ ನೋಡಿ ‘ಅದೇ ಅಂಗಿ’ ಅಂದುಬಿಟ್ಟರು.

ಈ ಆಲ್ಬಂನ ಕೊನೆಯ ಹಾಡು ‘ವೆಸ್ಟರ್ನ್ ಐಸ್’. ಅದರ ಕೊನೆಗೆ ಒಬ್ಬ ಗಂಡಸಿನ ದನಿ ಬರುತ್ತದೆ, ಯಾವುದೋ ಕಾಲದ ಕುಡಿತದ ಅಂಗಡಿಯಲ್ಲಿ ಹಾಡಿದ ಹಾಗೆ. ಹಳೇ ರೆಕಾರ್ಡಿನಿಂದ ತೆಗೆದದ್ದು ಅಂತ ಆಲ್ಬಂ ಮೇಲೆ ಹೆಸರು ಸಮೇತ ಹಾಕಿದ್ದಾರೆ. ಅಂಥ ಹಳೇ ರೆಕಾರ್ಡೇ ಇಲ್ಲ! ಅದೂ ಇವರೇ ಸೃಷ್ಟಿಸಿದ್ದು. ನಮ್ಮ ಕಸುಬಿನಲ್ಲಿ ಇಲ್ಲದ ಮೂಲ ತೋರಿಸಿದರೆ ಕೆಲಸ ಹೋಗುತ್ತದೆ. ಹಾಡಿನಲ್ಲಿ ಅದು ಕೀಟಲೆ. ‘ಎಲ್ಲಿಂದ ಎತ್ತಿದರು ಹುಡುಕೋಣ’ ಅಂತ ಕೂತವರಿಗೆ ಇವರು ಕೊಟ್ಟ ಉತ್ತರ.

ಇನ್ನು ಹಾಡುಗಳು. ಮೊದಲ ಹಾಡು ‘ಕೌಬಾಯ್ಸ್’ ಕೇಳಿ. ಬೆತ್ ಗಿಬ್ಬನ್ಸ್ ದನಿಯನ್ನು ಹಿಂಡಿ, ಒರಟು ಮಾಡಿ ಇಟ್ಟಿದ್ದಾರೆ. ‘ಡಮ್ಮಿ’ಯಲ್ಲಿ ಬೇಡಿಕೊಳ್ಳುತ್ತಿದ್ದ ದನಿ ಇಲ್ಲಿ ಲೆಕ್ಕ ಕೇಳುತ್ತದೆ. ಹಿನ್ನೆಲೆಗೆ ಹಾಕಿಕೊಂಡು ಊಟ ಮಾಡಲು ಆಗುವುದಿಲ್ಲ. ಬಾಗಿಲಲ್ಲೇ ನಿಂತು ‘ನೀವು ಹುಡುಕುವ ಅಂಗಡಿ ಇದಲ್ಲ’ ಅಂದ ಹಾಗಿದೆ.

‘ಆಲ್ ಮೈನ್’ನಲ್ಲಿ ಕಹಳೆಗಳು ಮೈಮೇಲೆ ಬೀಳುತ್ತವೆ. ಪ್ರೀತಿಯ ಹಾಡು ಅಂದುಕೊಂಡು ಕೇಳುತ್ತಾ ಹೋದರೆ, ಇದು ಒಬ್ಬರನ್ನು ಕಟ್ಟಿಹಾಕಿ ಇಟ್ಟುಕೊಳ್ಳುವ ಆಸೆಯ ಹಾಡು ಅಂತ ನಿಧಾನಕ್ಕೆ ಗೊತ್ತಾಗಿ ಭಯವಾಗುತ್ತದೆ. ‘ಹಾಫ್ ಡೇ ಕ್ಲೋಸಿಂಗ್’ ಅಂದರೆ ಸಣ್ಣ ಊರುಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಅಂಗಡಿ ಮುಚ್ಚುವ ಇಂಗ್ಲೆಂಡಿನ ಹಳೇ ರೂಢಿ. ಹಾಡು ಬೇಸ್ ಹಿಡಿದು ತೆವಳುತ್ತಾ ಶುರುವಾಗುತ್ತದೆ, ಕೊನೆಗೆ ಗಿಬ್ಬನ್ಸ್ ದನಿ ತಿರುಗುವ ಸ್ಪೀಕರಿನೊಳಗೆ ಸಿಕ್ಕಿಕೊಂಡು ಚೀರುತ್ತದೆ. ‘ಓವರ್’ನಲ್ಲಿ ಅಟ್ಲಿ ಅವರ ಗಿಟಾರು ನಾಲ್ಕಾರು ಸ್ವರ ಮಾತ್ರ ನುಡಿಸುತ್ತದೆ. ಸುತ್ತ ಬರೀ ಖಾಲಿ ಜಾಗ. ‘ಹಮ್ಮಿಂಗ್’ನಲ್ಲಿ ಹಳೇ ಭೂತದ ಸಿನಿಮಾದ ಥರ ಊಳಿಡುವ ಸ್ವರ.

ಎದುರಾಳಿಗಳ ಮಾತಿನಲ್ಲಿ ಏನೂ ಹುರುಳಿಲ್ಲ ಅಂತ ನಾವು ಹೇಳುವುದಿಲ್ಲ. ಅದೇ ದನಿ, ಅದೇ ನಿಧಾನ, ಅದೇ ಕಿರಕಿರ, ನಿಜ. ಬಾಯಲ್ಲಿ ಗುನುಗುವ ಮಟ್ಟುಗಳು ‘ಡಮ್ಮಿ’ಯಲ್ಲೇ ಜಾಸ್ತಿ, ಅದೂ ನಿಜ. ಹನ್ನೊಂದು ಹಾಡನ್ನು ಒಂದೇ ಸಲ ಕೇಳಿದರೆ ಕಿಟಕಿ ಇಲ್ಲದ ಕೋಣೆಯಲ್ಲಿ ಕೂತಂತಾಗುತ್ತದೆ. ಆದರೆ ಆ ಕೋಣೆ ಕಟ್ಟಿದವರಿಗೆ ಕಿಟಕಿ ಇಡಲು ಬರುತ್ತಿರಲಿಲ್ಲವೇ? ಬರುತ್ತಿತ್ತು, ‘ಡಮ್ಮಿ’ ಪೂರ್ತಿ ಕಿಟಕಿಗಳೇ. ಬೇಕಂತಲೇ ಇಡಲಿಲ್ಲ. ಒಬ್ಬ ಮನುಷ್ಯನ ಒಳಗಿನ ಕತ್ತಲನ್ನು ಹೇಳುವಾಗ ಕೇಳುಗನಿಗೆ ಗಾಳಿ ಬೀಸುತ್ತಾ ಕೂರುವುದು ಅವರಿಗೆ ಬೇಕಿರಲಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ. ಈ ಆಲ್ಬಂ ಮಾರಾಟವಾಗದೆ ಬಿದ್ದುಹೋಗಲಿಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ಹೋಗಿತ್ತು. ‘ಆಲ್ ಮೈನ್’ ಹಾಡು 8ನೇ ಸ್ಥಾನ ಕಂಡಿತ್ತು. ಹೊಗಳಿ ಬರೆದವರೂ ಇದ್ದರು. ಅದು ಸೋತದ್ದು ಆಮೇಲೆ, ನೆನಪಿನಲ್ಲಿ. ಮುಂದೆ ‘ಡಮ್ಮಿ’ ಮಹಾನ್ ಎಂಬ ಪಟ್ಟಿಗಳು ಬಂದವು. 2008ರಲ್ಲಿ ಮೂರನೇ ಆಲ್ಬಂ ‘ಥರ್ಡ್’ ಬಂದಾಗ, ‘ಅಬ್ಬಾ, ಕೊನೆಗೂ ಬದಲಾದರು’ ಅಂತ ಕೊಂಡಾಡಿದರು. ಮೊದಲನೆಯದಕ್ಕೆ ಹುಟ್ಟಿದ ಸಂಭ್ರಮ, ಕೊನೆಯದಕ್ಕೆ ಬದಲಾದ ಸಂಭ್ರಮ. ನಡುವಿನ ಮಗುವಿಗೆ ಅಣ್ಣನ ಹಳೇ ಅಂಗಿ.

ನಾವು ಕೇಳುವುದಿಷ್ಟು. ‘ಥರ್ಡ್’ನ ಆ ಒರಟುತನ, ಕೇಳುಗನಿಗೆ ಮಣಿಯದ ಆ ಹಟ ಆಕಾಶದಿಂದ ಬಿತ್ತೇ? ಅದರ ಬೇರು ‘ಕೌಬಾಯ್ಸ್’ನಲ್ಲಿದೆ, ‘ಹಾಫ್ ಡೇ ಕ್ಲೋಸಿಂಗ್’ನ ಆ ಚೀತ್ಕಾರದಲ್ಲಿದೆ. ಮೂರನೆಯದನ್ನು ಮೆಚ್ಚಿ ಎರಡನೆಯದನ್ನು ತಳ್ಳುವವರು ಪೈರು ಹೊಗಳಿ ಬಿತ್ತನೆಯನ್ನು ಬೈಯುವವರು.

ಹೊಸತು ಅಂದರೆ ಮೇಲಿನ ಬಣ್ಣ ಬದಲಾಗುವುದು ಎಂಬ ನಂಬಿಕೆಯೇ ಇಲ್ಲಿನ ರೋಗ. ಒಬ್ಬ ಕಲಾವಿದ ಅದೇ ಹೊಲದಲ್ಲಿ ಇನ್ನೂ ಆಳಕ್ಕೆ ಉತ್ತರೆ ಅದು ಕಣ್ಣಿಗೆ ಕಾಣುವುದಿಲ್ಲ. ಕಾಣಬೇಕಾದರೆ ಹೊಲಕ್ಕೆ ಇಳಿಯಬೇಕು. ದಾರಿಯಲ್ಲಿ ನಿಂತು ನೋಡಿದವರಿಗೆ ಹೋದ ವರ್ಷದ ಹೊಲ, ಈ ವರ್ಷದ ಹೊಲ ಎರಡೂ ಒಂದೇ. ಈ ಆಲ್ಬಂ ಬಗ್ಗೆ ತೀರ್ಪು ಕೊಟ್ಟವರಲ್ಲಿ ಬಹಳ ಜನ ದಾರಿಯಲ್ಲಿ ನಿಂತವರು.

ಫೋನಿನಲ್ಲಿ ತಂಡದ ಹೆಸರು ಹಾಕಿದರೆ ನಿಮಗೆ ಮೊದಲು ‘ಗ್ಲೋರಿ ಬಾಕ್ಸ್’ ಬಂದರೆ ಆಶ್ಚರ್ಯವಿಲ್ಲ. ಕೇಳಿ, ಚೆನ್ನಾಗಿದೆ. ಆದರೆ ಅಲ್ಲಿಗೇ ನಿಲ್ಲಬೇಡಿ. ‘ಕೌಬಾಯ್ಸ್’, ‘ಓವರ್’, ‘ವೆಸ್ಟರ್ನ್ ಐಸ್’ ಈ ಮೂರನ್ನು ಹುಡುಕಿ. ಫೋನಿನ ಸ್ಪೀಕರಿನಲ್ಲಿ ಬೇಡ, ಬೇಸ್ ಅಲ್ಲಿ ಕೇಳುವುದೇ ಇಲ್ಲ. ಇಯರ್‌ಫೋನ್ ಹಾಕಿ, ಬೇರೆ ಕೆಲಸ ಬಿಟ್ಟು ಕೇಳಿ. ಇಂಗ್ಲಿಷ್ ಪೂರ್ತಿ ಅರ್ಥವಾಗದಿದ್ದರೂ ತೊಂದರೆಯಿಲ್ಲ, ಆ ದನಿ ಏನು ಹೇಳುತ್ತಿದೆ ಎಂಬುದು ತಿಳಿಯುತ್ತದೆ.

ಅಷ್ಟು ಕೇಳಿದ ಮೇಲೂ ‘ಅದೇ ಹಾಡು’ ಅನ್ನಿಸಿದರೆ ನಮ್ಮ ಜೊತೆ ಜಗಳಕ್ಕೆ ಬನ್ನಿ. ಆದರೆ ಕೇಳಿ ಬನ್ನಿ.