ಮೆಣಸಿಗೆ ಯಾವ ಊರು?

2025ರ ಜುಲೈ 24ರಂದು ಬ್ರಿಟನ್ ಜೊತೆಗಿನ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಾಗ ಮುಂಬಯಿ ಕನ್ನಡಿಗರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎರಡೇ ಮಾತು. ಸ್ಕಾಚ್ ಎಷ್ಟು ಅಗ್ಗವಾಗುತ್ತದೆ ಎನ್ನುವುದು ಒಂದು. ಇಂಥ ಒಪ್ಪಂದಗಳೇ ನಮ್ಮ ರೈತರನ್ನು ಮುಳುಗಿಸಿದ್ದು, ಎಲ್ಲವನ್ನೂ ಹರಿದು ಬಿಸಾಡಬೇಕು ಎನ್ನುವುದು ಇನ್ನೊಂದು. (ವಿಸ್ಕಿಯ ಸುಂಕ ಶೇ. 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುವ ಕರಾರು. ಬಾಟಲಿ ಅರ್ಧ ಬೆಲೆಗೆ ಸಿಗುತ್ತದೆಂದು ಕಾದವರು ರಾಜ್ಯದ ಅಬಕಾರಿಯನ್ನು ಮರೆತಿದ್ದಾರೆ.) ಎರಡೂ ಕಡೆಯವರೊಂದಿಗೆ ನನ್ನ ತಕರಾರಿದೆ. ನ್ಹಾವಾ ಶೇವಾ ಬಂದರಿನ ಕಸ್ಟಮ್ಸ್ ಏಜೆಂಟರೊಬ್ಬರ ಕಚೇರಿಯಲ್ಲಿ ವರ್ಷಗಟ್ಟಲೆ ಬಿಲ್ ಆಫ್ ಎಂಟ್ರಿ ತುಂಬಿದವನು ನಾನು. ಊರು ಸೋಮವಾರಪೇಟೆ ಕಡೆ, ತೋಟದಲ್ಲಿ ಕಾಫಿಯ ನಡುವೆ ಮೆಣಸಿನ ಬಳ್ಳಿ. ಹಾಗಾಗಿ ಕಾಳುಮೆಣಸಿನ ಕಥೆಯನ್ನೇ ಹೇಳುತ್ತೇನೆ.

ಶ್ರೀಲಂಕಾ ಜೊತೆಗಿನ ನಮ್ಮ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿಯಾದದ್ದು 1998ರ ಡಿಸೆಂಬರಿನಲ್ಲಿ, ಜಾರಿಯಾದದ್ದು 2000ದ ಮಾರ್ಚ್ 1ರಂದು. ಹೊರಗಿನ ಮೆಣಸಿಗೆ ಮಾಮೂಲಿ ಸುಂಕ ಶೇ. 70. ವಿಯೆಟ್ನಾಂ ಮೆಣಸಿಗೆ ಆಸಿಯಾನ್ ರಿಯಾಯಿತಿ ಕೊಟ್ಟ ಮೇಲೂ ಅರ್ಧದಷ್ಟು ಸುಂಕ ಉಳಿಯುತ್ತದೆ. ಲಂಕೆಯ ಮೆಣಸು ಮಾತ್ರ ವರ್ಷಕ್ಕೆ 2,500 ಟನ್ನಿನವರೆಗೆ ಸುಂಕವಿಲ್ಲದೆ ಬರಬಹುದು. ಅದರಾಚೆಗೂ ಸಾರ್ಕ್ ದೇಶಗಳ ಒಪ್ಪಂದದಡಿ ಶೇ. 8 ಕಟ್ಟಿದರೆ ಸಾಕು.

ಕಿಲೋಗೆ 400 ರೂಪಾಯಿ ಎಂದಿಟ್ಟುಕೊಂಡು ಲೆಕ್ಕ ಹಾಕಿ. ವಿಯೆಟ್ನಾಮಿನದಾದರೆ ಸುಂಕ 200 ರೂಪಾಯಿ. ಅದೇ ಕಾಳಿಗೆ ಲಂಕೆಯದೆಂಬ ಸರ್ಟಿಫಿಕೇಟ್ ಆಫ್ ಒರಿಜಿನ್ ಸಿಕ್ಕರೆ ಹೆಚ್ಚೆಂದರೆ 32. ಹತ್ತು ಟನ್ನಿಗೆ ವ್ಯತ್ಯಾಸ 16 ಲಕ್ಷ 80 ಸಾವಿರ. ಇದು ಮೆಣಸಿನ ಬೆಲೆಯಲ್ಲ, ಒಂದು ಹಾಳೆ ಕಾಗದದ ಬೆಲೆ. ನಿಯಮವೇನೋ ಮೆಣಸು ಲಂಕೆಯ ನೆಲದಲ್ಲೇ ಬೆಳೆದಿರಬೇಕು ಎನ್ನುತ್ತದೆ. ಆದರೆ ಒಣಗಿದ ಕಾಳನ್ನು ಅಂಗೈಯಲ್ಲಿಟ್ಟು ಅದರ ಊರು ಹೇಳುವವರು ಬಂದರಿನಲ್ಲಿ ಯಾರೂ ಇಲ್ಲ.

2016ರಲ್ಲಿ ಕಿಲೋಗೆ 700ರ ಸಮೀಪವಿದ್ದ ಬೆಲೆ ಕುಸಿಯತೊಡಗಿತು. 2017ರಲ್ಲಿ ಗೋಣಿಕೊಪ್ಪಲು ಎಪಿಎಂಸಿಯಲ್ಲಿ ವಿಯೆಟ್ನಾಂ ಮೆಣಸನ್ನು ಕೊಡಗಿನದರ ಜೊತೆ ಬೆರೆಸಿದ ಆರೋಪ ಎದ್ದು ಬೆಳೆಗಾರರು ಸಿಡಿದರು. ಅದೇ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆ 500 ರೂಪಾಯಿ ಎಂದಿತು. ಊರಿನಲ್ಲಿ ಸಿಹಿ ಹಂಚಿದರಂತೆ. ಆದರೆ ಸುಂಕವೇ ಇಲ್ಲದ ಕಡೆ ಬೆಲೆ ಹೆಚ್ಚಿಸಿ ಬರೆಯುವುದಕ್ಕೆ ಏನು ಖರ್ಚು? 350ರ ಮಾಲಿಗೆ 500ರ ಇನ್‌ವಾಯ್ಸ್ ಮಾಡಿ, ಮಿಕ್ಕ ಹಣವನ್ನು ಬೇರೆ ದಾರಿಯಲ್ಲಿ ವಾಪಸ್ ತರಿಸಿಕೊಳ್ಳುವವನಿಗೆ ಈ ಬೇಲಿ ಬೇಲಿಯೇ ಅಲ್ಲ. ಹೊರಗುಳಿದವನು ನಿಜವಾದ ಬೆಲೆ ಬರೆದವನು. ಅವನ ಜೊತೆಗೆ ನಮ್ಮವನಂತೆಯೇ ನಾಲ್ಕು ಬಳ್ಳಿ ನಂಬಿಕೊಂಡ ಲಂಕೆಯ ಸಣ್ಣ ಬೆಳೆಗಾರ. 2019ರ ಹೊತ್ತಿಗೆ ಇಲ್ಲಿ ಬೆಲೆ 350ರ ಆಸುಪಾಸಿಗೆ ಬಂದಿತ್ತು. ಬೇಲಿ ಎಷ್ಟು ಕಾಯ್ದಿತು ಎಂದು ನೀವೇ ಹೇಳಿ.

ಕೊಚ್ಚಿಯ ಸುತ್ತಮುತ್ತ ಮೆಣಸಿನ ಸತ್ವ ತೆಗೆದು ರಫ್ತು ಮಾಡುವ ಕಾರ್ಖಾನೆಗಳಿವೆ. ಅವಕ್ಕೆ ಲಂಕೆಯ ಖಾರದ ಕಾಳು ಬೇಕೇ ಬೇಕು. ಪೂರ್ತಿ ರಫ್ತಿಗೇ ಮೀಸಲಾದ ಘಟಕಗಳಿಗೆ, ಅಡ್ವಾನ್ಸ್ ಆಥರೈಸೇಶನ್ ಇದ್ದವರಿಗೆ 2018ರಲ್ಲಿ ಈ 500ರ ಷರತ್ತಿನಿಂದ ವಿನಾಯಿತಿ ಸಿಕ್ಕಿತು. ಸಿಕ್ಕಿದ್ದು ಸರಿಯೇ, ಅದರ ಮೇಲೆ ನೂರಾರು ಕುಟುಂಬಗಳ ಊಟ ನಿಂತಿದೆ. ಆದರೆ ಅಂಥ ಬಾಗಿಲು ತಟ್ಟುವ ಶಕ್ತಿ ಮಸ್ಜಿದ್ ಬಂದರಿನ ಸಣ್ಣ ಮಸಾಲೆ ವ್ಯಾಪಾರಿಗಿಲ್ಲ.

ಅವನ ಪಾಲಿಗೆ ಬಂದದ್ದು 2020ರ ಸೆಪ್ಟೆಂಬರ್ 21ರ ಹೊಸ ನಿಯಮ, ನಮ್ಮ ದಂಧೆಯ ಭಾಷೆಯಲ್ಲಿ ಕರೋಟಾರ್. ಸರ್ಟಿಫಿಕೇಟ್ ತೋರಿಸಿದರೆ ಮುಗಿಯಲಿಲ್ಲ. ಮಾಲು ಎಲ್ಲಿ, ಹೇಗೆ ಆಯಿತು ಎಂಬ ವಿವರವನ್ನು ಆಮದುದಾರನೇ ಮೊದಲೇ ಸಂಗ್ರಹಿಸಿ ಐದು ವರ್ಷ ಇಟ್ಟುಕೊಳ್ಳಬೇಕು. ಸರ್ಟಿಫಿಕೇಟ್ ಕೊಡುವುದು ಕೊಲಂಬೋದ ವಾಣಿಜ್ಯ ಇಲಾಖೆ, ತೋಟ ಇರುವುದು ಮಾತಲೆಯ ಗುಡ್ಡದಲ್ಲಿ, ಜವಾಬು ಹೇಳಬೇಕಾದವನು ಮುಂಬಯಿಯ ಗಲ್ಲಿಯಲ್ಲಿ! ದೊಡ್ಡ ಕಂಪನಿ ಇದಕ್ಕೊಬ್ಬ ವಕೀಲನನ್ನು ಇಡುತ್ತದೆ. ಸಣ್ಣವನು "ಸಾಹೇಬ್ರೆ, ರಿಯಾಯಿತಿಯೇ ಬೇಡ, ಪೂರ್ತಿ ಸುಂಕ ಎಷ್ಟಾಗುತ್ತೆ ಹೇಳಿ" ಎಂದು ನನ್ನ ಮೇಜಿನ ಮುಂದೆ ನಿಂತದ್ದನ್ನು ನೋಡಿದ್ದೇನೆ. ಅತ್ತ ಕಡೆಯೂ ಇದೇ ಪಾಡು: ಇಲ್ಲಿಂದ ಲಂಕೆಗೆ ಹೋಗುವ ಸರಕಿನ ದೊಡ್ಡ ಪಾಲು ಒಪ್ಪಂದದ ಹೆಸರೆತ್ತದೆಯೇ ಹೋಗುತ್ತದೆ.

ಒಪ್ಪಂದ ರದ್ದು ಮಾಡಿ ಎನ್ನುವ ಊರಿನ ಅಣ್ಣಂದಿರಿಗೆ ಒಂದು ಮಾತು. ಕಳ್ಳಮಾಲಿಗೆ ಒಪ್ಪಂದ ಬೇಕಿಲ್ಲ, ಸುಂಕದ ಅಂತರ ಸಾಕು. ಈಚೆಗೆ ಬೆಲೆ 600 ದಾಟಿರುವುದರಿಂದ ಎಲ್ಲರೂ ಸುಮ್ಮನಿದ್ದಾರೆ. ಕೇಳಬೇಕಾದದ್ದನ್ನು ಈಗಲೇ ಕೇಳಬೇಕು. ಲಂಕೆಯ ಹೆಸರಿನಲ್ಲಿ ಯಾವ ಬಂದರಿಗೆ ಎಷ್ಟು ಟನ್, ಯಾವ ಬೆಲೆಗೆ, ಯಾವ ಆಮದುದಾರನಿಗೆ ಬಂತು ಎಂದು ತಿಂಗಳು ತಿಂಗಳು ಪ್ರಕಟಿಸಲಿ. ಲಂಕೆ ಒಂದು ವರ್ಷ ಬೆಳೆದದ್ದೆಷ್ಟು, ತರಿಸಿಕೊಂಡದ್ದೆಷ್ಟು, ನಮಗೆ ಕಳಿಸಿದ್ದೆಷ್ಟು ಎಂಬ ಕೂಡುವ ಕಳೆಯುವ ಲೆಕ್ಕವನ್ನು ಎರಡೂ ಸರ್ಕಾರಗಳು ಕೂತು ಮಾಡಲಿ. ಸರ್ಟಿಫಿಕೇಟ್ ಸುಳ್ಳೆಂದು ಸಾಬೀತಾದರೆ ಅದನ್ನು ಕೊಟ್ಟ ಕಚೇರಿಯೂ ಉತ್ತರ ಹೇಳಲಿ. ಲಂಕೆಯ ಜೊತೆ ಇನ್ನೂ ವಿಸ್ತಾರವಾದ ಆರ್ಥಿಕ ಒಪ್ಪಂದದ ಮಾತುಕತೆ ವರ್ಷಗಳಿಂದ ಕುಂಟುತ್ತಾ ನಡೆದಿದೆ. ಕೊಡಗು, ಹಾಸನ, ಚಿಕ್ಕಮಗಳೂರಿನ ಸಂಸದರು ಆ ಮೇಜಿನ ಮೇಲೆ ಈ ಮೂರು ಬೇಡಿಕೆ ಇಟ್ಟಿದ್ದಾರೆಯೇ ಎಂದು ಮುಂದಿನ ಸಲ ಊರಿಗೆ ಹೋದಾಗ ವಿಚಾರಿಸಿ.