ಆಮ್ಲದ ತೊಟ್ಟಿಯೂ ನೀರಿನ ನಲ್ಲಿಯೂ

ಗಂಧಕಾಮ್ಲವಿಲ್ಲದ ಕೈಗಾರಿಕೆಯನ್ನು ಕಲ್ಪಿಸಿಕೊಳ್ಳುವುದು ಕಷ್ಟ. ರೈತನ ಹೊಲಕ್ಕೆ ಬೀಳುವ ರಂಜಕದ ಗೊಬ್ಬರ, ಬಸ್ಸು ಲಾರಿಗಳ ಬ್ಯಾಟರಿ, ಅಲ್ಯುಮಿನಿಯಂ ಕಿಟಕಿಯ ಚೌಕಟ್ಟಿಗೆ ಬಾಳಿಕೆ ಕೊಡುವ ಅನೋಡೈಜಿಂಗ್, ಉಕ್ಕಿನ ಮೇಲಣ ತುಕ್ಕನ್ನು ಕಳೆಯುವ ಪಿಕ್ಲಿಂಗ್ ತೊಟ್ಟಿ, ಇವೆಲ್ಲಕ್ಕೂ ಬೇಕಾದುದು ಬಣ್ಣವಿಲ್ಲದ, ಮಂದವಾಗಿ ಹರಿಯುವ ಈ ದ್ರವವೇ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸಿಡ್ಡಿನ ಚಿಲ್ಲರೆ ಮಾರಾಟಕ್ಕೆ ಕಡಿವಾಣ ಹಾಕಿ, ಕೊಳ್ಳುವವನ ಹೆಸರು ವಿಳಾಸಗಳನ್ನು ಅಂಗಡಿಯವನು ಬರೆದಿಡಬೇಕೆಂದು ವಿಧಿಸಿದ್ದು ಅತ್ಯವಶ್ಯವಾದ ಕಾರ್ಯ. ದುಷ್ಟನ ಕೈಯಲ್ಲಿ ಆಮ್ಲವು ಏನು ಮಾಡಬಲ್ಲದೆಂಬುದನ್ನು ನಾಡು ಕಂಡಿದೆ. ಆದರೆ ಯಾವ ದುರುದ್ದೇಶವೂ ಇಲ್ಲದೆ, ಕೂಲಿಗಾಗಿ ಅದೇ ಆಮ್ಲವನ್ನು ಬೆಳಗಿನಿಂದ ಸಂಜೆಯವರೆಗೆ ಎತ್ತಿ ಇಳಿಸಿ ಸುರಿಯುವ ಕಾರ್ಮಿಕನ ಕಣ್ಣು, ಚರ್ಮ, ಹಲ್ಲುಗಳ ವಿಷಯದಲ್ಲಿ ಆ ಕಳವಳದ ಹತ್ತರಲ್ಲೊಂದು ಪಾಲನ್ನೂ ನಾವು ತೋರಿಲ್ಲವೆಂದೇ ನನ್ನ ಅಭಿಪ್ರಾಯ.

ಈ ಆಮ್ಲದ ಸ್ವಭಾವವನ್ನೆಲ್ಲ ನಿರ್ಧರಿಸುವುದು ನೀರಿನೊಡನೆ ಅದಕ್ಕಿರುವ ತೀವ್ರವಾದ ಆಕರ್ಷಣೆ. ಪೇಟೆಗೆ ಬರುವ ಸಾಂದ್ರ ದ್ರವದಲ್ಲಿ ನೂರಕ್ಕೆ 98 ಪಾಲು ಆಮ್ಲವೇ ಇದ್ದು, ಒಂದು ಲೀಟರು ಸುಮಾರು 1.84 ಕಿಲೋ ತೂಗುತ್ತದೆ. ಸಕ್ಕರೆಯ ಮೇಲೆ ಬಿದ್ದರೆ ಅದರೊಳಗಿನ ಜಲಾಂಶವನ್ನು ಸೆಳೆದುಕೊಂಡು ಕರಿಯ ಇದ್ದಲನ್ನು ಉಳಿಸುತ್ತದೆ. ಚರ್ಮದ ಮೇಲೆ ಬಿದ್ದಾಗಲೂ ನಡೆಯುವುದು ಇದೇ ಬಗೆಯ ಹೀರುವಿಕೆ, ಅದರ ಜೊತೆಗೆ ಆ ಸಂಯೋಗದಿಂದ ಹುಟ್ಟಿದ ಶಾಖದ ಸುಡುವಿಕೆ. ಆಮ್ಲದ ಮೇಲೆ ನೀರನ್ನು ಸುರಿದವನಿಗೆ ಒದಗುವ ಅನಾಹುತದ ಕಾರಣವೂ ಇಲ್ಲಿಯೇ ಇದೆ: ಹಗುರವಾದ ನೀರು ಭಾರವಾದ ಆಮ್ಲದ ಮೇಲೆಯೇ ನಿಂತು, ಎರಡೂ ಸಂಧಿಸುವ ಗಡಿಯಲ್ಲಿ ಹುಟ್ಟಿದ ಶಾಖಕ್ಕೆ ಆ ತೆಳುವಾದ ಪದರವು ಕ್ಷಣಾರ್ಧದಲ್ಲಿ ಕುದಿದು, ಆಮ್ಲವನ್ನೂ ಹೊತ್ತುಕೊಂಡು ಮುಖದೆತ್ತರಕ್ಕೆ ಸಿಡಿಯುತ್ತದೆ.

ಅನೋಡೈಜಿಂಗ್ ಶೆಡ್ಡೊಂದರಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ತೊಟ್ಟಿ ತುಂಬಿಸುವುದನ್ನು ನಿಂತು ನೋಡಿದ್ದೇನೆ. ಮೊದಲು ಅಳತೆಯ ಗೆರೆಯವರೆಗೆ ತಣ್ಣೀರು. ಆಮೇಲೆ ಜಗ್ಗಿನಿಂದ ಬೆರಳಿಗಿಂತ ಸಣ್ಣದಾದ ಆಮ್ಲದ ಧಾರೆ, ಅದೂ ತೊಟ್ಟಿಯ ಒಳಗೋಡೆಗೆ ತಾಗಿ ಜಾರುವಂತೆ. ನಡುನಡುವೆ ಪಿವಿಸಿ ಪೈಪಿನ ತುಂಡಿನಿಂದ ತಳದವರೆಗೂ ಕದಡುವುದು, ಏಕೆಂದರೆ ಭಾರವಾದ ಆಮ್ಲವು ಕದಡದಿದ್ದರೆ ಕೆಳಗೇ ಉಳಿದುಬಿಡುತ್ತದೆ. ಮೂರು ಜಗ್ಗು ಆದಮೇಲೆ ಅವರು ನಿಲ್ಲಿಸಿ, ತೊಟ್ಟಿಯ ಹೊರಮೈಗೆ ಅಂಗೈಯೊತ್ತಿ, ಬಿಸಿ ಇಳಿಯುವವರೆಗೆ ಸುಮ್ಮನೆ ಕಾದರು. ಪಕ್ಕದಲ್ಲಿ ಚಡಪಡಿಸುತ್ತಿದ್ದ ಹುಡುಗ, “ಅಣ್ಣ, ಮಿಕ್ಕಿದ್ದನ್ನೂ ಒಂದೇ ಸಲ ಹಾಕಿಬಿಡೋಣವಾ?” ಎಂದಾಗ, “ಆತುರ ಇದ್ರೆ ಬೇರೆ ಕೆಲಸ ನೋಡ್ಕೋಳಪ್ಪ, ಇದು ಅದಕ್ಕೆ ಬಗ್ಗೋದಲ್ಲ” ಎಂದರು. ಗಂಟೆಗಿಷ್ಟು ಸಾಮಾನು ಹೊರಬೀಳಬೇಕೆಂದು ಒತ್ತಾಯಿಸುವ ಮಾಲೀಕನಿರುವಲ್ಲಿ ಈ ಕಾಯುವಿಕೆಯೇ ಮೊದಲು ಬಲಿಯಾಗುತ್ತದೆ. ಆದಕಾರಣ ಎಚ್ಚರವೆಂಬುದು ಕೇವಲ ಕೆಲಸಗಾರನ ಗುಣವಲ್ಲ, ಕೆಲಸವನ್ನು ಹೊಂದಿಸಿದವನ ಹೊಣೆ.

ತೆಳುವಾದ ಆಸಿಡ್ ತಾನೆ ಎಂಬ ಧೈರ್ಯವೂ ಒಳ್ಳೆಯದಲ್ಲ. ಬ್ಯಾಟರಿಗೆ ಹಾಕುವ ದ್ರವದಲ್ಲಿ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಆಮ್ಲವಿರುತ್ತದೆ. ಅದರ ಹನಿಯೊಂದು ಪಂಚೆಗೋ ಪ್ಯಾಂಟಿಗೋ ಬಿದ್ದಾಗ ಏನೂ ಆದಂತೆ ಕಾಣದು. ಆದರೆ ನೀರು ಆರಿಹೋಗುತ್ತದೆ, ಆಮ್ಲ ಆರುವುದಿಲ್ಲ, ಉಳಿದದ್ದು ಗಳಿಗೆಗೊಮ್ಮೆ ಸಾಂದ್ರವಾಗುತ್ತ ಹೋಗಿ, ಬಟ್ಟೆಯನ್ನು ಒಗೆದಾಗ ಅಲ್ಲಿ ತೂತು ಕಾಣಿಸುತ್ತದೆ. ಬ್ಯಾಟರಿ ಅಂಗಡಿಯ ಹುಡುಗರ ತೊಡೆಯ ಮೇಲಣ ಬಟ್ಟೆಯನ್ನು ಗಮನಿಸಿದವರಿಗೆ ಈ ತೂತುಗಳ ಪರಿಚಯವಿರುತ್ತದೆ. ತೊಟ್ಟಿಗಳ ಮೇಲೆ ಏಳುವ ಮಂಜಿನ ಕೆಲಸ ಇನ್ನೂ ನಿಧಾನ: ಅದು ಮುಂಬಲ್ಲುಗಳ ಅಂಚನ್ನು ವರ್ಷಗಟ್ಟಲೆ ಸವೆಸುತ್ತದೆ. ಗಂಧಕಾಮ್ಲವುಳ್ಳ ಪ್ರಬಲ ಆಮ್ಲಗಳ ಮಂಜು ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1992ರಷ್ಟು ಹಿಂದೆಯೇ ವರ್ಗೀಕರಿಸಿತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಇದು ತಪ್ಪುವುದಿಲ್ಲ. ತೊಟ್ಟಿಯ ಬಾಯಂಚಿನಲ್ಲಿಯೇ ಮಂಜನ್ನು ಸೆಳೆದು ಹೊರಗೊಯ್ಯುವ ಯಂತ್ರ ಬೇಕು.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಂಗೆಡಿಸುವುದು ಕುಡಿಯುವ ನೀರಿನ ಖಾಲಿ ಬಾಟಲಿ. ಕ್ಯಾನಿನಿಂದ ಆಮ್ಲ ಸ್ವಲ್ಪವೇ ಬೇಕಾದಾಗ ಸುಲಭಕ್ಕೆ ಸಿಕ್ಕುವುದು ಅದೇ. ಬಗ್ಗಿಸಿಕೊಂಡು ಕಿಟಕಿಯ ಮೇಲಿಟ್ಟರೆ ಬಣ್ಣವಿಲ್ಲದ ಆಮ್ಲಕ್ಕೂ ನೀರಿಗೂ ಕಣ್ಣಿಗೆ ಭೇದವೇ ತೋರದು. ಪಾಳಿ ಬದಲಾದಾಗ ಬಾಯಾರಿ ಬಂದವನು ಅದನ್ನೆತ್ತಿ ಗುಟುಕಿಸಿದರೆ ಅನ್ನನಾಳವೇ ಸುಟ್ಟುಹೋಗುತ್ತದೆ. ಆಗ ವಾಂತಿ ಮಾಡಿಸುವುದು ಸುಟ್ಟ ದಾರಿಯನ್ನು ಮತ್ತೊಮ್ಮೆ ಸುಡಿಸಿದಂತೆ; ಬಾಯಿ ಮುಕ್ಕಳಿಸಿ ಉಗುಳಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಈ ಬಾಟಲಿಯ ಪದ್ಧತಿಯನ್ನು ಮಾಲೀಕನು ಒಂದೇ ದಿನದಲ್ಲಿ ನಿಲ್ಲಿಸಬಹುದು, ಖರ್ಚೂ ಇಲ್ಲ.

ಮಾಲೀಕನ ಈ ಹೊಣೆಯನ್ನು ಕಾನೂನೂ ಎತ್ತಿ ಹೇಳಿದೆ. ಭೋಪಾಲದ ವಿಷಾನಿಲ ದುರಂತ ನಡೆದು ವರ್ಷ ತುಂಬಿದ ಮರುದಿನವೇ, ಎಂದರೆ 1985ರ ಡಿಸೆಂಬರ್ 4ರಂದು, ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ, ಗಂಧಕಾಮ್ಲದ ಧೂಮಿಸುವ ರೂಪ, ಹೊರಬಿದ್ದು ಊರನ್ನು ತಲ್ಲಣಗೊಳಿಸಿತು. ಅದನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠವು, ಅಪಾಯಕರವಾದ ಉದ್ಯಮವನ್ನು ನಡೆಸಿ ಲಾಭ ಪಡೆಯುವವನು ಅದರಿಂದಾದ ಹಾನಿಗೆ ಯಾವ ನೆಪವನ್ನೂ ಒಡ್ಡಲಾಗದಂತೆ ಪೂರ್ಣವಾಗಿ ಹೊಣೆಯೆಂದು ಸಾರಿತು. ಬೆನ್ನಲ್ಲೇ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿದ ಅಧ್ಯಾಯವು, ಅಪಾಯದ ವಿವರವನ್ನು ತಿಳಿಯುವ ಹಾಗೂ ಸನ್ನಿಹಿತವಾದ ಗಂಡಾಂತರವನ್ನು ಮಾಲೀಕನ ಗಮನಕ್ಕೆ ತರುವ ಹಕ್ಕನ್ನು ಕಾರ್ಮಿಕನಿಗೆ ಕೊಟ್ಟಿತು. ಕಾರ್ಮಿಕನ ಅಂಥ ಎಚ್ಚರಿಕೆಗೆ ಕಿವಿಗೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಡೆಲವೇರ್ ಸಿಟಿಯ ತೈಲ ಶುದ್ಧೀಕರಣಾಗಾರವನ್ನು ನೆನೆಯಬೇಕು. ಅಲ್ಲಿ ಬಳಸಿದ ಗಂಧಕಾಮ್ಲವನ್ನಿಟ್ಟಿದ್ದ ಉಕ್ಕಿನ ತೊಟ್ಟಿ ಸವೆದು ತೂತುಬಿದ್ದಿತ್ತು. ಪರೀಕ್ಷಕರು ಹೇಳಿದ್ದರು, ಕೆಲಸಗಾರನೊಬ್ಬನು ಅಪಾಯವಿದೆಯೆಂದು ಬರೆದೂ ಕೊಟ್ಟಿದ್ದನು. ಆದರೂ 2001ರ ಜುಲೈ 17ರಂದು ಅದರ ಪಕ್ಕದ ನಡೆದಾರಿಯ ದುರಸ್ತಿಗೆ ಬೆಂಕಿಯ ಕೆಲಸ ಮಾಡಲು ಅನುಮತಿ ದೊರೆಯಿತು. ಆಮ್ಲದೊಡನೆ ಸೇರಿಕೊಂಡಿದ್ದ ತೈಲದ ಆವಿಗೆ ಕಿಡಿ ತಗಲಿ ತೊಟ್ಟಿ ಸಿಡಿಯಿತು. ಒಬ್ಬನು ಸತ್ತು, ಎಂಟು ಮಂದಿ ಗಾಯಗೊಂಡರು.

ಕೈಗವಸು, ಕನ್ನಡಕ, ಏಪ್ರನ್, ಗಮ್ ಬೂಟುಗಳು ಇರಲೇಬೇಕು. ಅವನ್ನು ಕುರಿತು ಹೆಚ್ಚು ಹೇಳುವುದಿಲ್ಲ. ನಾನು ಪಟ್ಟುಹಿಡಿದು ಕೇಳುವುದು ನೀರನ್ನು. ಆಮ್ಲ ಸಿಡಿದಾಗ ಸುಣ್ಣವಲ್ಲ, ಸೋಡಾ ಅಲ್ಲ, ಎಣ್ಣೆಯಲ್ಲ, ಬಟ್ಟೆಯನ್ನು ಕಿತ್ತೊಗೆದು ಧಾರಾಕಾರವಾಗಿ ಸುರಿಸುವ ನೀರೇ ಮೊದಲ ಔಷಧ. ಹತ್ತು ಸೆಕೆಂಡಿನ ನಡಿಗೆಯೊಳಗೆ ನೀರು ಸಿಗಬೇಕು, ಹದಿನೈದು ನಿಮಿಷ ತಡೆಯಿಲ್ಲದೆ ಬೀಳಬೇಕು, ನಿಮಿಷಕ್ಕೆ ಸುಮಾರು 75 ಲೀಟರು ಇರಬೇಕು ಎಂಬುದು ಅಮೆರಿಕದಲ್ಲಿ ಗೊತ್ತುಮಾಡಿ ಬೇರೆಡೆಯೂ ಅನುಸರಿಸುವ ಅಳತೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡಿನ ಮಾಲೀಕರು ಇದನ್ನು ಲೆಕ್ಕ ಹಾಕಿ ನೋಡಬೇಕು. ಒಬ್ಬ ಮನುಷ್ಯನನ್ನು ಉಳಿಸಲು 1,100 ಲೀಟರಿಗೂ ಹೆಚ್ಚು ನೀರು ಬೇಕು. ಕೊಳವೆಬಾವಿ ಬತ್ತಿ, ಟ್ಯಾಂಕರಿನವನ ದಾರಿ ಕಾಯುವ ಬೇಸಗೆಯಲ್ಲಿ, ಕರೆಂಟು ಹೋಗಿ ಪಂಪು ನಿಂತ ಮಧ್ಯಾಹ್ನ, ನಲ್ಲಿ ತಿರುಗಿಸಿದರೆ ಗಾಳಿಯ ಸದ್ದು ಮಾತ್ರ ಬರುವುದುಂಟು. ಹಾಗಾಗಿ ಆಮ್ಲವಿರುವ ಪ್ರತಿಯೊಂದು ಶೆಡ್ಡಿನ ಮೇಲೂ ಬೇರೆ ಯಾವ ಪೈಪಿಗೂ ಜೋಡಿಸದ, ತೊಳೆಯುವುದಕ್ಕಾಗಲಿ ಶೌಚಕ್ಕಾಗಲಿ ಇಳಿಸಿಕೊಳ್ಳದ, 1,500 ಲೀಟರಿನ ಪ್ರತ್ಯೇಕ ಸಿಂಟೆಕ್ಸ್ ತೊಟ್ಟಿಯೊಂದನ್ನು ಕಟ್ಟೆಯ ಮೇಲೆ ಕೂರಿಸಿ, ಏಪ್ರಿಲ್ಲಿನ ಬಿಸಿಲಿಗೆ ನೀರು ಕಾಯದಂತೆ ಅದಕ್ಕೊಂದು ನೆರಳು ಕಟ್ಟಬೇಕು. ಅದರ ಕೆಳಗಿನ ಷವರಿಗೆ ಬೀಗ ಹಾಕಕೂಡದು, ದಾರಿಯಲ್ಲಿ ಡ್ರಮ್ಮುಗಳನ್ನು ಪೇರಿಸಕೂಡದು. ವಾರಕ್ಕೊಮ್ಮೆ ಮಾಲೀಕನೇ ಬಂದು, ಪೈಪಿನಲ್ಲಿ ನಿಂತ ತುಕ್ಕುನೀರು ಹೋಗಿ ತಿಳಿನೀರು ಬರುವವರೆಗೆ ಅದನ್ನು ತೆರೆದು ನೋಡಬೇಕು.